ಪೂಜೆಗೆ ಇಡದ ಡಬ್ಬಿ

ಚಿಂತೆ ಮಾಡುವುದರಲ್ಲಿ ನನ್ನ ಕೈ ಮೊದಲಿನಿಂದಲೂ ಪಳಗಿದೆ. ಬಸ್ಸು ತಡವಾದರೆ ಎಲ್ಲಿ ಕೆಟ್ಟು ನಿಂತಿತೋ ಎಂದುಕೊಳ್ಳುತ್ತೇನೆ. ಹೊತ್ತಿಗೆ ಸರಿಯಾಗಿ ಬಂದರೆ ಈ ಡ್ರೈವರ್ ಯಾಕಿಷ್ಟು ಜೋರು ಓಡಿಸುತ್ತಾನೋ ಎಂದು ಮುಂದಿನ ಸೀಟಿನ ಕಂಬಿ ಹಿಡಿದು ಕೂಡುತ್ತೇನೆ. ಇಂಥ ಮನುಷ್ಯ ಮನೆಯಲ್ಲಿ ವೆಬ್ ಸರ್ವರ್ ಇಟ್ಟುಕೊಳ್ಳಬಾರದಾಗಿತ್ತು. ಇಟ್ಟುಕೊಂಡೆ. ಕಾರಣ ನನ್ನ ತಂಗಿಯ ಫೋಟೋ.

ಬೈಲಹೊಂಗಲದಲ್ಲಿ ನಮ್ಮದು ಟೈಪಿಂಗ್ ಇನ್‌ಸ್ಟಿಟ್ಯೂಟ್. ಮನೆಯ ಮುಂದಿನ ಪಡಸಾಲೆಯೇ ಇನ್‌ಸ್ಟಿಟ್ಯೂಟು. ತೊಂಬತ್ತರ ದಶಕದಲ್ಲಿ ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ತಗಡಿನ ಮೇಲೆ ಆಲಿಕಲ್ಲು ಬಿದ್ದಂಥ ಸಪ್ಪಳ. ಅಪ್ಪ ತೀರಿಕೊಂಡ ಮೇಲೆ ಮಷಿನ್ನುಗಳ ಜೊತೆ ಚಿಂತೆಗಳೂ ನನ್ನ ಪಾಲಿಗೆ ಬಂದವು. ಕಿತ್ತೂರು ಕಡೆಯಿಂದ ಬರುತ್ತಿದ್ದ ಹುಡುಗರು ಒಬ್ಬೊಬ್ಬರಾಗಿ ‘ಸರ್, ಕಂಪ್ಯೂಟರ್ ಇಲ್ಲೇನ್ರಿ?’ ಎಂದು ಕೇಳತೊಡಗಿದಾಗ ನಾನೂ ಕಂಪ್ಯೂಟರ್ ತಂದೆ. ಆಮೇಲೆ, ಹೊಸ ಶತಮಾನ ಒಂದಿಷ್ಟು ಹಳತಾದ ಮೇಲೆ, ಟೆಲಿಫೋನ್ ತಂತಿಯಲ್ಲೇ ಬ್ರಾಡ್‌ಬ್ಯಾಂಡ್ ಬಂತು. ದಿನವಿಡೀ ಇಂಟರ್ನೆಟ್ಟು ಇರುತ್ತದೆ ಎಂದರು. ದಿನವಿಡೀ ಕರೆಂಟು ಇರುತ್ತದೆ ಎಂದು ಮಾತ್ರ ಯಾರೂ ಹೇಳಲಿಲ್ಲ.

ತಂಗಿ ಸಂಪಗಾಂವದ ಒಂದು ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದಳು. ಅವಳಿಗೆ ವರ ಹುಡುಕುವ ಜವಾಬ್ದಾರಿಯನ್ನು ಮುರಗೋಡದ ನಮ್ಮ ಸೋದರಮಾವ ತಾನಾಗಿ ಹೊತ್ತುಕೊಂಡಿದ್ದ. ಮಾವನ ಪದ್ಧತಿ ಸರಳ. ಅಂಗಿಯ ಕಿಸೆಯಲ್ಲಿ ಕನ್ಯೆಯ ಫೋಟೋ, ಕೈಯಲ್ಲಿ ಚೀಲ, ಸಿಕ್ಕ ಬಸ್ಸು. ಸವದತ್ತಿಗೆ ಹೋದರೆ ಸವದತ್ತಿಯಲ್ಲಿ ತೋರಿಸುವುದು, ಬಸ್ಸು ತಪ್ಪಿದರೆ ತಪ್ಪಿದಲ್ಲೇ ತೋರಿಸುವುದು. ಒಂದು ಸಂಜೆ ತಂಗಿ ಶಾಲೆಯಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

“ಅಣ್ಣಾ, ನನ್ನ ಫೋಟೋ ಯರಗಟ್ಟಿ ಬಸ್ ಸ್ಟ್ಯಾಂಡಿನ ಚಹಾದಂಗಡ್ಯಾಗ ತಿರಗ್ಯಾಡಾಕ ಹತ್ತೇತಂತ. ನಮ್ಮ ಸಾಲಿ ಅಕ್ಕಾರು ನೋಡ್ಯಾರ. ‘ಚಲೋ ಬಂದೈತಿ ಬಿಡ್ರಿ, ಸೀರಿ ಎಲ್ಲಿ ತೊಗೊಂಡ್ರಿ’ ಅಂತ ಕೇಳಿದ್ರು.”

ಮಾವನನ್ನು ಕೇಳಿದರೆ, “ಅಳಿಯಾ, ನಾಕ ಮಂದಿ ನೋಡಿದ್ರನ ಒಬ್ಬಾಂವ ಹೂಂ ಅಂತಾನ” ಎಂದ. ಅವನು ತಿರುಗಿ ಕೊಟ್ಟ ಫೋಟೋದ ಮೂಲೆಯಲ್ಲಿ ಬಜಿಯ ಎಣ್ಣೆಯ ಕಲೆ ಇತ್ತು.

ತಂಗಿ ಅಂದೇ ಹೇಳಿಬಿಟ್ಟಳು: ಇನ್ನು ಮುಂದೆ ತನ್ನ ಫೋಟೋ ಈ ಮನೆಯ ಹೊಸ್ತಿಲು ದಾಟಕೂಡದು. ಬೇಕಾದವರು ಇಲ್ಲಿಗೆ ಬಂದು ಅವಳನ್ನೇ ನೋಡಲಿ. ಆದರೆ ಫೋಟೋ ನೋಡದೆ ಬಸ್ ಹತ್ತುವ ವರನ ಕಡೆಯವರು ನಮ್ಮ ಸೀಮೆಯಲ್ಲಿ ಇರಲಿಲ್ಲ. ಅವ್ವ ಊಟ ಬಡಿಸುವಾಗಲೆಲ್ಲ ನಿಟ್ಟುಸಿರು ಬಿಡತೊಡಗಿದಳು. ಅವ್ವನ ನಿಟ್ಟುಸಿರು ನನಗೆ ಬರೆದುಕೊಟ್ಟ ನೋಟಿಸ್ ಇದ್ದಂತೆ.

ಆಗ ನನ್ನ ತಲೆಗೆ ಬಂದದ್ದು ಸರ್ವರ್. ಇಂಗ್ಲಿಷ್ ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಲಿನಕ್ಸಿನ ಸಿ.ಡಿ. ಪುಕ್ಕಟೆಯಾಗಿ ಬಂದಿತ್ತು. ಅದರೊಳಗೆ ವೆಬ್ ಸರ್ವರೂ ಇತ್ತು. ಸರ್ವರ್ ಎಂದರೆ ಅಂಥ ದೊಡ್ಡದೇನಲ್ಲ. ಹೊರಗಿನಿಂದ ಯಾರಾದರೂ ಕೇಳಿದರೆ ತನ್ನಲ್ಲಿರುವ ಪುಟವನ್ನು ಎತ್ತಿ ತೋರಿಸುವ ಒಂದು ತಂತ್ರಾಂಶ. ಕಂಪ್ಯೂಟರ್ ಚಾಲೂ ಇದ್ದಷ್ಟು ಹೊತ್ತು ತೋರಿಸುತ್ತದೆ. ಬಂದ್ ಮಾಡಿದೆವೋ, ಅಂಗಡಿ ಬಾಗಿಲು ಹಾಕಿದಂತೆ. ನನಗೆ ಹಿಡಿಸಿದ್ದೇ ಈ ಗುಣ. ಫೋಟೋ ನಮ್ಮ ಮನೆಯ ಕಂಪ್ಯೂಟರ್ ಡಬ್ಬಿಯಲ್ಲೇ ಇರುತ್ತದೆ. ಗುಪ್ತಪದ ಕೊಟ್ಟವರು ಮಾತ್ರ ನೋಡುತ್ತಾರೆ. ನೋಡಿದ ಮೇಲೆ ನಾನು ವೈರು ಕಿತ್ತರೆ ಮುಗಿಯಿತು.

ತಂಗಿ ಕೇಳಿ ನಕ್ಕಳು. “ಯರಗಟ್ಟಿ ಬ್ಯಾಡಂದ್ರ ಸೀದಾ ಅಮೆರಿಕಾಕ್ಕ ಹಚ್ಚತೀಯಲ್ಲೋ!”

“ಗುಪ್ತಪದ ಇರತೈತಿ.”

“ನೋಡಿದಾಂವ ತನ್ನ ಕಡೆ ಇಳಿಸಿಕೊಂಡ್ರ?”

“ಇಳಿಸಿಕೋಬಹುದು,” ಎಂದೆ. ಸುಳ್ಳು ಹೇಳಿದರೆ ಅದರ ಚಿಂತೆ ಬೇರೆ.

ಅವಳು ಸ್ವಲ್ಪ ಯೋಚಿಸಿದಳು. “ಅಷ್ಟು ಶಾಣ್ಯಾ ಇದ್ರ ಇಟಗೊಳ್ಳಲಿ. ಬಜಿ ಎಣ್ಣಿ ಅಂತೂ ಹತ್ತೂದಿಲ್ಲ.”

ಹುಡುಗರು ಬಡಿದೂ ಬಡಿದೂ ಕೀಲಿಗಳ ಅಕ್ಷರ ಅಳಿಸಿಹೋಗಿದ್ದ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿದೆ. ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಸಂತೆಯ ಜಗಳದಂತೆ ಒಂದರ ಮೇಲೊಂದು ಹಾಯ್ದುಹೋದವು. ಯಾವುದು ಬೈಗುಳ, ಯಾವುದು ಸಮಾಧಾನ ತಿಳಿಯಲಿಲ್ಲ. ಕೊನೆಗೆ ಸರ್ವರ್ ನಡೆಯುತ್ತಿದೆ ಎಂಬ ಪುಟ ಕಂಡಿತು. ಹಿಗ್ಗಿನಿಂದ ಸೈಕಲ್ ಹತ್ತಿ ಬಸ್ ಸ್ಟ್ಯಾಂಡಿನ ಹತ್ತಿರದ ಸೈಬರ್ ಕೆಫೆಗೆ ಹೋಗಿ, ಇಂಟರ್ನೆಟ್ಟಿನಲ್ಲಿ ನಮ್ಮ ಮನೆಯ ವಿಳಾಸವಾಗಿದ್ದ ನಂಬರು ಒತ್ತಿದೆ. ಏನೂ ಇಲ್ಲ. ಮನೆಯೊಳಗೆ ಕಾಣುವ ಪುಟ ಹೊರಗಿನಿಂದ ಕಾಣುವುದಿಲ್ಲ. ನಡುವಿನ ಮೋಡೆಮ್ ಎಂಬ ಪುಟ್ಟ ಪೆಟ್ಟಿಗೆ ಬಂದವರನ್ನೆಲ್ಲ ಬಾಗಿಲಲ್ಲೇ ನಿಲ್ಲಿಸುತ್ತಿತ್ತು. ಅದಕ್ಕೆ ‘ಇಂಥವರನ್ನು ಒಳಗೆ ಬಿಡು’ ಎಂದು ಹೇಳಿಕೊಡಬೇಕಂತೆ. ಹೇಳಿಕೊಟ್ಟು ಮತ್ತೆ ಕೆಫೆಗೆ, ಅಲ್ಲಿಂದ ಮನೆಗೆ, ಮತ್ತೆ ಕೆಫೆಗೆ. ಹೀಗೆ ತಿರುಗುವುದನ್ನು ನೋಡಿ ಓಣಿಯವರು, ಮಾಸ್ತರರು ಯಾರಿಗೋ ಡಾಕ್ಟರನ್ನು ಹುಡುಕುತ್ತಿದ್ದಾರೆ ಎಂದುಕೊಂಡರು.

ಕೊನೆಗೊಮ್ಮೆ ಕೆಫೆಯ ಪರದೆಯ ಮೇಲೆ, ನಾನು ಬರೆದಿಟ್ಟ ‘ನಮಸ್ಕಾರ’ ಕಂಡಿತು. ನನಗೆ ನಾನೇ ಹೇಳಿಕೊಂಡ ನಮಸ್ಕಾರ. ಆದರೂ ಕಣ್ಣು ತುಂಬಿ ಬಂತು. ಮರುಕ್ಷಣ ಹೊಳೆಯಿತು: ನನಗೆ ಕಂಡಿತೆಂದರೆ ಎಲ್ಲರಿಗೂ ಕಾಣುತ್ತದೆ.

ನೆಮ್ಮದಿ ಅಲ್ಲಿಗೆ ಮುಗಿಯಿತು. ಸರ್ವರು ತನ್ನ ಬಾಗಿಲಿಗೆ ಬಂದವರ ಲೆಕ್ಕವನ್ನು ತಾನೇ ಬರೆದಿಡುತ್ತದೆ. ನೋಡಿದರೆ ಯಾವ ಯಾವ ದೇಶದ ನಂಬರುಗಳೋ ಬಂದು, ನಮ್ಮಲ್ಲಿಲ್ಲದ ಕಡತಗಳನ್ನು ಕೇಳಿ ಹೋಗಿದ್ದವು. ಅವು ಮನುಷ್ಯರಲ್ಲ, ಊರೂರು ಅಲೆಯುವ ಹುಳುಗಳೆಂಬ ತಂತ್ರಾಂಶಗಳು, ಬೇರೆ ಜಾತಿಯ ಕಂಪ್ಯೂಟರುಗಳನ್ನು ಹುಡುಕಿಕೊಂಡು ಬಂದವು ಎಂದು ತಿಳಿಯುವಷ್ಟರಲ್ಲಿ ನನ್ನ ಊಟ ಅರ್ಧಕ್ಕಿಳಿದಿತ್ತು.

“ಒಳಗ ಬಂದಾರೇನು?” ಎಂದಳು ತಂಗಿ.

“ಇಲ್ಲ. ಬಾಗಲಾ ಬಡದು ಹೋಗ್ಯಾರ.”

“ಹಂಗಾರ ಉಣ್ಣು.”

ಇನ್ನೊಂದು ಕಾಟವೆಂದರೆ ನಂಬರು. ಮೋಡೆಮ್ ಬಂದ್ ಆಗಿ ಮತ್ತೆ ಶುರುವಾದಾಗಲೆಲ್ಲ ನಮ್ಮ ಮನೆಯ ನಂಬರು ಬದಲಾಗುತ್ತಿತ್ತು. ಅದಕ್ಕೂ ಒಂದು ಉಪಾಯವಿದೆಯೆಂದು ತಿಳಿದದ್ದು ಎಲ್ಲ ಮುಗಿದ ಮೇಲೆ. ಆಗ ಮಾತ್ರ ಬಹಳ ಹೊತ್ತು ಕರೆಂಟು ಹೋದರೆ ಮನೆಯ ವಿಳಾಸವೇ ಹೋದಂತೆ.

ಅಷ್ಟರಲ್ಲಿ ಮಾವ ರಾಮದುರ್ಗದ ಒಂದು ಮನೆತನ ಹಿಡಿದುಕೊಂಡು ಬಂದ. ಒಳ್ಳೆಯ ಮಂದಿ. ಹುಡುಗ ಅಲ್ಲಿಯ ಕರೆಂಟ್ ಆಫೀಸಿನಲ್ಲಿ ಕೆಲಸಕ್ಕಿದ್ದ. ಇದನ್ನು ಕೇಳಿ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಕರೆಂಟ್ ತಗಿಯಾಂವಗ ಮಗಳನ್ನ ಕೊಡೂದೇನ?”

“ಕೊಡಾಂವನೂ ಅಂವನ ಅಲ್ಲೇನವಾ!” ಎಂದ ಮಾವ.

ತಂಗಿ ಒಳಗಿನಿಂದಲೇ ಹುಡುಗ ಏನು ಓದಿದ್ದಾನೆ, ಸಿಟ್ಟಿನವನೇ, ಮದುವೆಯಾದ ಮೇಲೆ ತಾನು ಶಾಲೆಗೆ ಹೋಗುವುದು ಬೇಡ ಎನ್ನುವ ಪೈಕಿಯೇ ಎಂದೆಲ್ಲ ಕೇಳಿದಳು. ಮಾವ ಹೇಳಿದ್ದನ್ನು ಕೇಳಿ ಸುಮ್ಮನಾದಳು. ಅವಳು ಸುಮ್ಮನಾಗುವುದೆಂದರೆ ಮನಸ್ಸಿಗೆ ಬಂದಿದೆ ಎಂದರ್ಥ. ಹಿಂದಿನ ಎರಡು ಸಂಬಂಧಗಳಿಗೆ ಅವಳು ಪ್ರಶ್ನೆಯನ್ನೇ ಕೇಳಿರಲಿಲ್ಲ.

ಹುಡುಗನ ಅಪ್ಪ ಫೋನಿನಲ್ಲಿ ಮಾತಾಡಿದರು. “ಮಹಾನವಮಿ ದಿನಾ ಮಗಗ ಸೂಟಿ ಐತ್ರಿ. ಹಬ್ಬದ ದಿನಾ, ಚಲೋ ದಿನಾ. ಅವತ್ತ ಕಂಪ್ಯೂಟರಿನ್ಯಾಗ ನೋಡ್ತೇವಿ. ಮನಸಿಗೆ ಬಂತಂದ್ರ ಮರುದಿನಾ ಬನ್ನಿ ಹಿಡಕೊಂಡ ಬರ್ತೇವಿ. ಇಲ್ಲಂದ್ರ ಇನ್ನೊಂದ ಕಡೆ ಮಾತ ಕೊಡೂದೈತ್ರಿ, ಅವರನ್ನೂ ಕಾಯಿಸೂದು ಚಲೋ ಅಲ್ಲ.”

ಅಂದರೆ ಮಹಾನವಮಿಯ ದಿನ ನಮ್ಮ ಡಬ್ಬಿ ನಡೆಯುತ್ತಲೇ ಇರಬೇಕು. ಆ ಒಂದೇ ದಿನ. ನಾನು ಹೂಂ ಎಂದೆ. ಫೋನ್ ಇಟ್ಟು ತಿರುಗಿದರೆ ಅವ್ವ ಹುಣಸೆಹಣ್ಣು ಹಚ್ಚಿ ಪೂಜೆಯ ತಾಟು ತಿಕ್ಕುತ್ತಿದ್ದಳು. ಆಗ ನೆನಪಾಯಿತು. ಮಹಾನವಮಿ ಎಂದರೆ ಖಂಡೆಪೂಜೆ, ಅಂದರೆ ಆಯುಧಪೂಜೆ.

ನಮ್ಮ ಮನೆಯಲ್ಲಿ ಖಂಡೆಪೂಜೆಯೆಂದರೆ ಟೈಪ್‌ರೈಟರುಗಳ ಹಬ್ಬ. ಅಪ್ಪನ ಕಾಲದಿಂದ ಅವನ್ನೆಲ್ಲ ಎಣ್ಣೆ ಹಾಕಿ ಒರೆಸಿ, ಅರಿಷಿಣ ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ, ಸಾಲಾಗಿ ಇಡುತ್ತಿದ್ದೆವು. ಕಂಪ್ಯೂಟರುಗಳು ಬಂದ ಮೇಲೆ ಅವೂ ಆ ಸಾಲಿಗೆ ಸೇರಿದವು. ಪೂಜೆಯಾದ ಮೇಲೆ ಮರುದಿನ ಬನ್ನಿ ಮುಡಿಯುವವರೆಗೆ ಯಾರೂ ಒಂದು ಕೀಲಿಯನ್ನೂ ಮುಟ್ಟುವಂತಿಲ್ಲ. ದುಡಿಯುವ ಸಾಮಾನಿಗೆ ಅದು ವರ್ಷದ ಒಂದೇ ರಜೆ.

“ಅವ್ವಾ, ಇದೊಂದು ಬಂದ್ ಮಾಡಾಕ ಬರೂದಿಲ್ಲ. ಸರ್ವರ್ ಅಂದ್ರ ನಡೀತಾನ ಇರಬೇಕು.”

“ಎತ್ತಿಗೂ ಒಂದಿನ ನೊಗಾ ಇಳಸ್ತಾರ. ಇದೇನ ಎತ್ತಿಗಿಂತ ಹೆಚ್ಚಿಂದ?”

“ಅವತ್ತ ರಾಮದುರ್ಗದವರು ನೋಡ್ತಾರ.”

“ಪೂಜಾಕ್ಕ ಇಟ್ಟ ಸಾಮಾನ ದುಡಿಸಿ ಮಗಳ ಲಗ್ನಾ ಮಾಡೂದೇನ? ನಿಮ್ಮಪ್ಪ ಇದ್ದಿದ್ರ ಏನಂತಿದ್ದ?”

ಅಪ್ಪ ಏನನ್ನುತ್ತಿದ್ದನೋ ಗೊತ್ತಿಲ್ಲ. ಅವನು ಮಾತು ಕಡಿಮೆಯವನು. ನಾನು ಒಂದು ಕಡೆ ಅವ್ವನ ನೇಮ, ಇನ್ನೊಂದು ಕಡೆ ತಂಗಿಯ ಸುಮ್ಮನಿರುವಿಕೆ, ನಡುವೆ ಮೋಡೆಮ್ಮಿನಂತೆ ಮಿಣುಕುತ್ತ ತಿರುಗಿದೆ. ತಂಗಿಯನ್ನು ಕೇಳಿದರೆ, “ನನ್ನ ಫೋಟೋ ನೋಡಾಕ ಇಷ್ಟ ತ್ರಾಸ ಇದ್ರ ನನ್ನನ್ನ ನೋಡಾಕ ಬರ್ರಿ ಅಂತ ಹೇಳು” ಎಂದಳು. ಆದರೆ ಆ ಸಂಜೆ ಅವಳು ತನ್ನ ಫೋಟೋದ ಪುಟ ಸರಿಯಾಗಿ ತೆರೆಯುತ್ತದೆಯೇ ಎಂದು ನನಗೆ ಕಾಣದಂತೆ ನೋಡಿದ್ದನ್ನು ನಾನು ನೋಡಿದೆ.

ದಾರಿ ತೋರಿಸಿದವಳು ಅವ್ವನೇ. ಹಬ್ಬದ ಹಿಂದಿನ ದಿನ ಕಡಲೆಬೇಳೆ ಆರಿಸುತ್ತ ಕುಳಿತವಳು, ತಲೆ ಎತ್ತದೆ ಕೇಳಿದಳು:

“ಆ ಫೋಟೋ ಇರೂದು ಟಿ.ವಿ. ಇದ್ದಂಗ ಇರೂದರಾಗೋ, ಕೆಳಗಿನ ಡಬ್ಬ್ಯಾಗೋ?”

“ಡಬ್ಬ್ಯಾಗ.”

“ಮ್ಯಾಲಿಂದು ಇಲ್ಲದ ಡಬ್ಬಿ ನಡೀತೈತೇನು?”

“ನಡೀತೈತಿ. ನೋಡಾಕ ಅಷ್ಟ ಬರೂದಿಲ್ಲ.”

“ಹಂಗಾರ ಡಬ್ಬಿ ಪೂಜಾಕ್ಕ ಇಡಬ್ಯಾಡ. ಪೂಜಾಕ್ಕ ಇಟ್ಟಿದ್ದಕ್ಕ ನೇಮ. ಇಡದ ಇದ್ದುದಕ್ಕ ಯಾತರ ನೇಮ? ಒಳಗ ಜ್ವಾಳದ ಚೀಲದ ಖೋಲ್ಯಾಗ ಒಯ್ದಿಡು.” ಆಮೇಲೆ ಒಂದು ಕಲ್ಲು ಆರಿಸಿ ಹೊರಗೆ ಒಗೆದು ಸೇರಿಸಿದಳು, “ಪೂಜಾ ತಪ್ಪಿದ್ದಕ್ಕ ಅದಕ್ಕ ಸಿಟ್ಟ ಬಂದ್ರ ನನಗ ಕೇಳಬ್ಯಾಡ.”

ಹೀಗೆ ನನ್ನ ಸರ್ವರು ಜೋಳದ ಚೀಲಗಳ ನಡುವೆ ಹೋಗಿ ಕುಳಿತಿತು. ಉದ್ದನೆಯ ಫೋನ್ ವೈರು ಎಳೆದೆ, ಮೋಡೆಮ್ಮನ್ನೂ ಅಲ್ಲಿಗೇ ಒಯ್ದೆ, ಬ್ಯಾಟರಿಯ ಪೆಟ್ಟಿಗೆ ಜೋಡಿಸಿದೆ. ಮಾನಿಟರ್ ತಂದು ಕೊನೆಯ ಸಲ ನೋಡಿ, ಹೊಸ ನಂಬರನ್ನೂ ಗುಪ್ತಪದವನ್ನೂ ರಾಮದುರ್ಗಕ್ಕೆ ಫೋನಿನಲ್ಲಿ ಹೇಳಿದೆ. ನಡುನಡುವೆ ಬರುವ ಚುಕ್ಕಿಗಳನ್ನೂ ಬಿಡಿಸಿ ಹೇಳಿದೆ. ಆ ಕಡೆಯಿಂದ ಹುಡುಗನ ಅಪ್ಪ, “ಗೋಡಿ ಕ್ಯಾಲೆಂಡರಿನ ಮ್ಯಾಲ ಬರಕೊಂಡೇನ್ರಿ, ಚಿಕ್ಕಿ ಕೆಂಪ ಪೆನ್ನಿಲೆ ಹಾಕೇನಿ” ಎಂದು ಧೈರ್ಯ ಕೊಟ್ಟರು.

ಮಹಾನವಮಿಯ ಬೆಳಿಗ್ಗೆ ಮಾನಿಟರು, ಕೀಬೋರ್ಡು, ಮೌಸು ಎಲ್ಲ ಪಡಸಾಲೆಯ ಸಾಲಿಗೆ ಹೋದವು. ಅವ್ವ ಮಾನಿಟರಿನ ನೆತ್ತಿಗೆ ವಿಭೂತಿ ಎಳೆದಳು. ಮೌಸಿನ ಮೇಲೆ ಒಂದು ಹೂವಿಟ್ಟಳು. ಕಾಯಿ ಒಡೆಯಿತು, ಆರತಿಯಾಯಿತು. ಅಲ್ಲಿಂದ ನನ್ನ ಸ್ಥಿತಿ ನೋಡಿ: ವರ್ಷದಲ್ಲೇ ಅತಿ ಮುಖ್ಯವಾದ ದಿನ, ಸರ್ವರ್ ನಡೆಯುತ್ತಿದೆಯೋ ಇಲ್ಲವೋ ನೋಡಲು ನನ್ನಲ್ಲಿ ಕಣ್ಣಿಲ್ಲ. ಕಣ್ಣಿಗೆ ವಿಭೂತಿ ಹಚ್ಚಿ ಪಡಸಾಲೆಯಲ್ಲಿ ಕೂಡಿಸಿದ್ದಾರೆ.

ಜೋಳದ ಖೋಲಿಗೆ ಹೋಗಿ ಡಬ್ಬಿಗೆ ಕಿವಿ ಹಚ್ಚಿದೆ. ಫ್ಯಾನಿನ ಗುಂಯ್ ಎಂಬ ಸದ್ದು. ನಡುವೆ ಒಮ್ಮೆ ಒಳಗಿನ ಡಿಸ್ಕು ಕರಕರ ಎಂದಿತು. ಬಂದರು! ಮೋಡೆಮ್ಮಿನ ದೀಪ ಮಿಣುಕಿತು. ನೋಡುತ್ತಿದ್ದಾರೆ! ಆಮೇಲೆ ಸುಮ್ಮನಾಯಿತು. ಇಷ್ಟು ಬೇಗ ಮುಗಿಸಿದರೆ? ಹಿಡಿಸಲಿಲ್ಲವೇ? ಅಥವಾ ಗುಪ್ತಪದ ತಪ್ಪು ಒತ್ತಿ ಬೇಸತ್ತು ಎದ್ದು ಹೋದರೇ? ಮತ್ತೆ ಕರಕರ. ಮತ್ತೊಮ್ಮೆ ನೋಡುತ್ತಿದ್ದಾರೆ, ತಾಯಿಯನ್ನೂ ಕರೆದು ತೋರಿಸುತ್ತಿರಬಹುದು. ಹೀಗೆ ಒಂದು ತಗಡಿನ ಡಬ್ಬಿಯ ಹೊಟ್ಟೆಯ ಸದ್ದಿನಿಂದ ರಾಮದುರ್ಗದ ಇಡೀ ಮನೆತನದ ಮನಸ್ಸನ್ನು ನಾನು ತಿಳಿಯುತ್ತಿದ್ದೆ. ಕರೆಂಟು ಹೋದೀತೆಂದು ಬಲ್ಬು ನೋಡುವುದು, ಬಲ್ಬು ಸರಿಯಿದ್ದರೆ ದೀಪ ನೋಡುವುದು, ದೀಪ ಸರಿಯಿದ್ದರೆ ಮತ್ತೆ ಕಿವಿ ಹಚ್ಚುವುದು. ಪಡಸಾಲೆಗೆ ಹೋಗಿ ಮಾನಿಟರಿನ ಮುಂದೆ ನಿಂತರೆ ಅವ್ವ ಅಡಿಗೆಮನೆಯಿಂದಲೇ ಕೆಮ್ಮುವಳು.

ಹೋಳಿಗೆ ತಣ್ಣಗಾಗುತ್ತಿತ್ತು. ತಂಗಿ ಖೋಲಿಯ ಬಾಗಿಲಿಗೆ ಬಂದು ನಿಂತಳು.

“ಏನಂತೈತಿ?”

“ನೋಡಾಕ ಹತ್ತಾರ ಅನಸ್ತೈತಿ. ಭಾಳ ಹೊತ್ತಾತು.”

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. “ನಾನೂ ಕೇಳಲೇನು?” ಎಂದವಳು ಜೋಳದ ಚೀಲದ ಮೇಲೆ ಕುಳಿತು, ಬಗ್ಗಿ, ಡಬ್ಬಿಗೆ ಕಿವಿ ಹಚ್ಚಿದಳು. ಡಿಸ್ಕು ಕರಕರ ಎಂದಿತು. ಅವಳ ಮುಖ ಕೆಂಪಾದದ್ದನ್ನು ನೋಡಿ ನಾನು ಮೋಡೆಮ್ಮಿನ ಕಡೆ ತಿರುಗಿದೆ.

ಮಧ್ಯಾಹ್ನ ದಾಟಿದ ಮೇಲೆ ಫೋನು ಬಂತು. ನಾನು ಓಡಿದೆ. ಹುಡುಗನ ಅಪ್ಪ.

“ತಪ್ಪ ತಿಳಕೋಬ್ಯಾಡ್ರಿ,” ಎಂದರು. “ನೋಡಾಕ ಆಗಲಿಲ್ರಿ. ಮಗಾ ಮುಂಜಾನಿಂದ ತಿರಗ್ಯಾನ. ಊರಾಗ ಇರೂ ಎರಡೂ ಕೆಫೇದಾಗ ಕಂಪ್ಯೂಟರ್ ಪೂಜಾಕ್ಕ ಇಟ್ಟಾರ. ಹೂವಾ ಏರಿಸಿ ಕುಂತಾರ, ಮುಟ್ಟಗೊಡವಲ್ರು. ನಿಮ್ಮಲ್ಲಿ ಪೂಜಾ ಮಾಡೂದಿಲ್ಲೇನ್ರಿ?”

“ಮಾಡೇವ್ರಿ,” ಎಂದೆ. ಡಬ್ಬಿಯ ವಿಷಯ ಹೇಳಲು ಬಾಯಿ ಬರಲಿಲ್ಲ.

ನಮ್ಮ ಸೀಮೆಯಲ್ಲೇ ಹುಟ್ಟಿ ಬೆಳೆದ ಇಷ್ಟು ಮಂದಿ, ಮುಹೂರ್ತ ನೋಡಿ, ಸೂಟಿ ನೋಡಿ, ಊರಿಗೆ ಊರೇ ಯಂತ್ರಗಳಿಗೆ ರಜೆ ಕೊಡುವ ದಿನವನ್ನೇ ಆರಿಸಿ ಕಂಪ್ಯೂಟರಿನಲ್ಲಿ ಕನ್ಯೆ ನೋಡಲು ಹೊರಟಿದ್ದೆವು. ಹಾಗಾದರೆ ಬೆಳಗಿನಿಂದ ಡಬ್ಬಿಯೊಳಗೆ ಕರಕರ ಎಂದದ್ದು ಯಾರು? ಬಾಗಿಲು ಬಡಿದು ಹೋಗುವ ಆ ಹುಳುಗಳು. ಅಣ್ಣ ತಂಗಿ ಕೂಡಿ ಅವುಗಳ ಸಪ್ಪಳ ಕೇಳಿ ಹಿಗ್ಗಿದ್ದೆವು.

“ಹಂಗಾರ, ಇನ್ನೊಂದ ಕಡೆ ಮಾತು...” ಎಂದು ನಾನು ತೊದಲಿದೆ.

“ಅದಕ್ಕ ಫೋನ್ ಮಾಡಿದೆ. ಮಗಾ ಅಂತಾನ, ಫೋಟೋ ಹೋಗ್ಲಿ, ನಾಳೆ ಸೀದಾ ಬೈಲಹೊಂಗಲಕ್ಕ ಹೋಗಿ ಬನ್ನಿ ಕೊಟ್ಟ ಬರೂಣು ಅಂತ. ನಿಮ್ಮ ಮನಿ ಮಂದಿ ಏನಂತೀರಿ?”

ನಾನು ತಿರುಗಿ ನೋಡಿದೆ. ತಂಗಿ ಖೋಲಿಯ ಬಾಗಿಲಲ್ಲಿ ನಿಂತಿದ್ದಳು. ನಾನು ಕೇಳುವ ಮೊದಲೇ ಹೂಂ ಎಂದು ತಲೆಯಾಡಿಸಿದಳು.

ಮರುದಿನ ಅವರು ಬಂದರು: ಹುಡುಗ, ಅವನ ಅಪ್ಪ, ನಡುವೆ ದಿಬ್ಬಣದ ಮುಂದಾಳಿನಂತೆ ನಮ್ಮ ಮಾವ. ಬನ್ನಿ ಕೊಟ್ಟು, ಬಂಗಾರದಂತೆ ಇರೋಣ ಎಂದು ಹೇಳಿಕೊಂಡು, ಚುರುಮುರಿಯ ಸೂಸಲ, ಚಹಾ ಆಯಿತು. ಹುಡುಗ ತಲೆ ತಗ್ಗಿಸಿಯೇ ಕುಳಿತಿದ್ದ. ಹುಡುಗ ಹುಡುಗಿ ಎರಡು ಮಾತಾಡಲಿ ಎಂದು ಪಡಸಾಲೆಯಲ್ಲಿ ಬಿಟ್ಟೆವು. ನಾನು ಬಾಗಿಲ ಈಚೆ ಇದ್ದೆ. ಕಿವಿ ಹಚ್ಚುವ ಅಭ್ಯಾಸ ಹಿಂದಿನ ದಿನವೇ ಆಗಿತ್ತು.

“ಫೋಟೋ ನೋಡದ ಬಂದ್ರಿ?” ತಂಗಿಯ ದನಿ. ತರಗತಿಯಲ್ಲಿ ಹುಡುಗರನ್ನು ಎಬ್ಬಿಸಿ ನಿಲ್ಲಿಸುವ ದನಿ.

“ನೀವೂ ನಂದು ನೋಡಿಲ್ಲಲ್ರಿ. ಇಬ್ಬರದೂ ಸರಿ ಆತು.”

ನಾನು ಬಾಗಿಲಿಗೆ ಇನ್ನಷ್ಟು ಹತ್ತಿರ ಸರಿದೆ. ನನ್ನ ಎದೆ ಡಿಸ್ಕಿನಂತೆ ಕರಕರ ಎನ್ನುತ್ತಿತ್ತು.

“ನಾ ಸಾಲಿ ಬಿಡೂದಿಲ್ಲ,” ಎಂದಳು.

“ರಾಮದುರ್ಗದಾಗೂ ಸಾಲಿ ಅದಾವ್ರಿ.”

ಆಮೇಲೆ ಅವಳು ನಕ್ಕದ್ದು ಕೇಳಿಸಿತು. ನಗು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಎಂದು ನಾನು ಲೆಕ್ಕ ಹಾಕುವಷ್ಟರಲ್ಲಿ ಒಳಗಿದ್ದ ಹಿರಿಯರು ಎದ್ದರು. “ವಿಚಾರಾ ಮಾಡಿ ಫೋನ್ ಮಾಡ್ರಿ, ನಮ್ಮದೇನ ಅಡ್ಡಿ ಇಲ್ಲ” ಎಂದು ಹುಡುಗನ ಅಪ್ಪ ಹೇಳಿ ಹೋದರು.

ಅವ್ವ, ನಾನು, ಮಾವ ಮೂವರೂ ತಂಗಿಯ ಮುಖ ನೋಡಿದೆವು. ಅವಳು ನನ್ನ ಕಡೆ ತಿರುಗಿದಳು.

“ಮೊದ್ಲ ಆ ಫೋಟೋ ಅಳಸು. ಆಮ್ಯಾಲ ನನ್ನ ಮಾತ ಹೇಳ್ತೇನಿ.”

“ಅವರಿಗೆ ತೋರಸೂದು ಬ್ಯಾಡೇನು?”

“ಅವರು ಕಣ್ಣಿಲೇ ನೋಡಿ ಹೋದ್ರು. ಇನ್ನ ಅದು ಯಾರಿಗಿ?”

ಮಾನಿಟರಿನ ಹಣೆ ಒರೆಸಿ, ಜೋಳದ ಖೋಲಿಗೆ ಒಯ್ದು ಜೋಡಿಸಿದೆ. ನಾನು ಕುಳಿತುಕೊಳ್ಳುವ ಮೊದಲೇ ಅವಳು ಚೀಲದ ಮೇಲೆ ಕುಳಿತು ಕೀಬೋರ್ಡ್ ಎಳೆದುಕೊಂಡಳು. ಅಪ್ಪನ ಕೈಯಲ್ಲಿ ಟೈಪಿಂಗ್ ಕಲಿತವಳು. ಕೀಲಿಯ ಮೇಲೆ ಅಕ್ಷರವಿಲ್ಲದಿದ್ದರೂ ಅವಳಿಗೆ ತೊಂದರೆಯಿಲ್ಲ. ನಾನು ಹೇಳಿದ್ದನ್ನು ಒತ್ತಿದಳು. ಪರದೆ ಏನೂ ಅನ್ನದೆ ಮುಂದಿನ ಸಾಲಿಗೆ ಹೋಯಿತು.

“ಇಷ್ಟನ? ಖರೇನ ಅಳಸಲೇನು ಅಂತ ಕೇಳೂದಿಲ್ಲೇನ ಇದು?”

“ಇಲ್ಲ. ಹೇಳಿದ್ದ ಮಾಡಿಬಿಡತೈತಿ.”

“ಚಲೋ ಐತಿ. ನಿನ್ನಂಗಿಲ್ಲ,” ಎಂದು ಎದ್ದು ನಿಂತಳು. ಸೆರಗು ಕೊಡವಿ, ಬಾಗಿಲಲ್ಲಿ ನಿಂತಿದ್ದ ಅವ್ವನಿಗೆ, “ಹೂಂ ಅಂತ ಹೇಳವಾ ಅವರಿಗೆ” ಎಂದಳು.

ಅವ್ವ ಫೋನಿನ ಕಡೆ ಹೋದಳು. ಮಾವ ತನ್ನ ಕಿಸೆಯಿಂದಲೇ ಈ ಸಂಬಂಧ ಹೊರಬಂದದ್ದು ಎಂಬಂತೆ ಅಂಗಿ ಸರಿಮಾಡಿಕೊಂಡ. ನಾನು ಮಾತ್ರ ಅಲ್ಲೇ ಕುಳಿತು ಆ ಪುಟವನ್ನು ತೆರೆದು ನೋಡಿದೆ. ಫೋಟೋ ಇದ್ದ ಜಾಗದಲ್ಲಿ ಒಂದು ಖಾಲಿ ಚೌಕ, ಅದರ ಮೂಲೆಯಲ್ಲಿ ಒಡೆದ ಚಿತ್ರದ ಗುರುತು. ಹುಡುಗ ದಾರಿಯಲ್ಲಿ ಯರಗಟ್ಟಿಯಲ್ಲಿ ಇಳಿದು, ಪೂಜೆ ಮುಗಿದ ಯಾವುದೋ ಕೆಫೆಗೆ ಹೋಗಿ, ಹೇಗೂ ನಂಬರು ಇದೆಯಲ್ಲ ಎಂದು ಒತ್ತಿದರೆ? ಹೂಂ ಎಂದ ಗಳಿಗೆಯಲ್ಲೇ ಇಂಥ ಒಡಕು ಚೌಕ ಕಂಡರೆ? ಏನಾದರೂ ಬರೆಯಬೇಕು. ಏನು ಬರೆಯುವುದು? ‘ಕ್ಷಮಿಸಿರಿ’ ಎಂದರೆ ನಿರಾಕರಿಸಿದಂತೆ. ‘ಧನ್ಯವಾದಗಳು’ ಎಂದರೆ ಅಂಗಡಿಯ ರಸೀದಿಯಂತೆ. ‘ನಮಸ್ಕಾರ’ ಎಂದು ಒತ್ತಿದೆ, ಅಳಿಸಿದೆ, ಮತ್ತೆ ಒತ್ತಿದೆ.

ಫೋನಿನ ಹತ್ತಿರ ಅವ್ವ ನಗುತ್ತಿದ್ದಳು. ಆ ಕಡೆ ರಾಮದುರ್ಗದ ಮನೆಯಲ್ಲಿದ್ದ ಹುಡುಗನ ತಾಯಿಯೂ ನಗುತ್ತಿದ್ದುದು ನನ್ನವರೆಗೆ ಕೇಳಿಸುತ್ತಿತ್ತು. ತಂಗಿ ಮತ್ತೆ ಬಂದು ಇಣುಕಿದಳು.

“ಅಣ್ಣಾ, ಇನ್ನೂ ಏನ ಮಾಡಾಕ ಹತ್ತೀ? ಬಂದ್ ಮಾಡೋ ಅದನ್ನ, ಊಟಾ ಮಾಡು ಬಾ.”

“ಬಂದೆ, ಬಂದೆ,” ಎಂದೆ. ಗುಂಡಿಯ ಮೇಲೆ ಬೆರಳಿಟ್ಟೆ. ಯರಗಟ್ಟಿಯ ಬಸ್ಸು ಇಷ್ಟೊತ್ತಿಗೆ ಎಲ್ಲಿಗೆ ಹೋಗಿರಬಹುದು ಎಂದು ಲೆಕ್ಕ ಹಾಕುತ್ತ, ಇನ್ನೊಂದು ಸ್ವಲ್ಪ ಹೊತ್ತು ಹಾಗೇ ಕುಳಿತೆ.